ಟ್ರ್ಯಾಕ್ಟರಿನ ಹಲ್ಲು

ಕಾಸರಗೋಡಿನ ನಾಯ್ಮಾರ್ಮೂಲೆಯಲ್ಲಿ ಹಳೇ ಟ್ರ್ಯಾಕ್ಟರ್ ಹುಡುಕಿ ಹೊರಟವನಿಗೆ ಮೊದಲು ಸಿಗುವುದು ಟ್ರ್ಯಾಕ್ಟರಲ್ಲ, ಸಲಹೆ. ಹೆದ್ದಾರಿ ಬದಿಯ ಚಾಯದಂಗಡಿಯಲ್ಲಿ ವಿಷಯ ಎತ್ತಿದರೆ ಸಾಕು, ಕನ್ನಡ, ತುಳು, ಮಲಯಾಳ ಮೂರರಲ್ಲೂ ಒಂದೇ ಪ್ರಶ್ನೆ: "ಅಡಿಕೆ ತೋಟಕ್ಕೆ ಟ್ರ್ಯಾಕ್ಟರ್ ಯಾಕೆ ಮಾರಾಯ್ರೇ, ಟಿಲ್ಲರ್ ಸಾಲದಾ?" ಬೈಲಿನಲ್ಲಿ ಇನ್ನೂ ಸ್ವಲ್ಪ ಗದ್ದೆ ಉಳಿದಿದೆ ಎಂದರೆ ಟ್ರ್ಯಾಕ್ಟರಿಗಿಂತ ಆ ಗದ್ದೆಯನ್ನೇ ಹಳೇ ಮಾಲಿನಂತೆ ನೋಡುತ್ತಾರೆ.

ಪರೀಕ್ಷೆಗೆ ಸೋದರಮಾವ ಜತೆಯಾದರು. ಪ್ರಾಯದಲ್ಲಿ ಕುಳ್ಕುಂದದ ಜಾನುವಾರು ಜಾತ್ರೆಗೆ ಹೋಗಿ ಎತ್ತಿನ ಬಾಯಿ ತೆರೆಸಿ ವಯಸ್ಸು ಹೇಳುತ್ತಿದ್ದವರು. "ಮಾರುವವ ಏನು ಬೇಕಾದರೂ ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ" ಎಂಬುದು ಅವರ ಶಾಸ್ತ್ರ. ಟ್ರ್ಯಾಕ್ಟರಿನ ಹಲ್ಲು ಎಲ್ಲಿದೆ ಎಂಬುದಷ್ಟೇ ಅವರ ತನಿಖೆ.

ನೋಡಲು ಹೋದ ಟ್ರ್ಯಾಕ್ಟರಿನ ಮೀಟರಿನಲ್ಲಿ ದುಡಿದ ಗಂಟೆ ತೀರಾ ಕಡಿಮೆ. ಮಾವ ಅತ್ತ ನೋಡಲೇ ಇಲ್ಲ, ಬಗ್ಗಿ ಕ್ಲಚ್ ಪೆಡಲನ್ನು ಸವರಿದರು. ರಬ್ಬರಿನ ಗೆರೆಗಳೆಲ್ಲ ಮಾಯ. ಕೇಬಲ್ ಬಿಚ್ಚಿದರೆ ಮೀಟರು ನಿಲ್ಲುತ್ತದೆ, ಕಾಲಡಿಯ ಸವೆತ ನಿಲ್ಲುವುದಿಲ್ಲ. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟರು. ಬೆಚ್ಚಗಿತ್ತು. "ನೀವು ಬರುತ್ತೀರೆಂದು ಒಮ್ಮೆ ಸ್ಟಾರ್ಟ್ ಮಾಡಿಟ್ಟೆ" ಎಂದ ಮಾಲಿಕ. ನಮಗೆ ಚಾಯ, ಎಂಜಿನಿಗೆ ಬಿಸಿ, ಉಪಚಾರದಲ್ಲಿ ಭೇದವಿರಲಿಲ್ಲ. ಮಾವ ಎಂಜಿನ್ ತಣಿಯುವ ತನಕ ಕದಲಲಿಲ್ಲ. ತಣ್ಣಗಿದ್ದಾಗ ಹೊರಡುವ ಎಂಜಿನೇ ನಾಳೆ ಬೆಳಿಗ್ಗೆ ಗದ್ದೆಗೂ ಹೊರಡುವುದು.

ತಣಿದ ಮೇಲೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಕಪ್ಪಾದರೆ ಏರ್ ಫಿಲ್ಟರೋ ಇಂಜೆಕ್ಟರೋ ಎನ್ನಬಹುದು. ಬಿಳಿ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ನೀಲಿಯೆಂದರೆ ಎಂಜಿನ್ ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿದೆ. "ಮಳೆಗಾಲದ ಥಂಡಿ" ಎಂದ ಮಾಲಿಕ. ಅದು ಮಾರ್ಚ್ ತಿಂಗಳು.

ಕೊನೆಗೆ ಹೈಡ್ರಾಲಿಕ್. ಕಲ್ಟಿವೇಟರನ್ನು ಮೇಲೆತ್ತಿಸಿ ಎಂಜಿನ್ ಬಂದ್ ಮಾಡಿಸಿದ ಮಾವ, ಮುರಕಲ್ಲಿನ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದರು. ಮಾಲಿಕ ಮಳೆ, ರೇಟು, ರಾಜಕೀಯ ಎಲ್ಲ ಮಾತಾಡಿ ಮುಗಿಸುವಷ್ಟರಲ್ಲಿ ಕಲ್ಟಿವೇಟರ್ ಸದ್ದಿಲ್ಲದೆ ನೆಲ ಮುಟ್ಟಿತ್ತು. ಲಿಫ್ಟಿನ ಸೀಲು ಹೋಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಹಿಂದಿನ ಚಕ್ರದ ಒಳಮೈಯಲ್ಲಿ ಎಣ್ಣೆಯ ಪಸೆಯೂ ಇತ್ತು. ಕೇಜ್ ವೀಲ್ ಹಾಕಿ ಕೆಸರಿನಲ್ಲಿ ದುಡಿದ ಗಾಡಿಯೆಂದು ಆ ಪಸೆ ಕಂಡೇ ಮಾವ ಹೇಳಿದರು.

ಕಾಗದಪತ್ರದ ಕತೆ ಬೇರೆ. ನಂಬರು ಕೆಎ 14, ಶಿವಮೊಗ್ಗದ್ದು. ನಮ್ಮದು ಕೆಎಲ್ 14. ಕೇಳಿದರೆ ಒಂದಕ್ಷರದ ವ್ಯತ್ಯಾಸ. ಆ ಒಂದಕ್ಷರ ದಾಟಲು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು. ಸಾಲದ ಮೇಲೆ ಕೊಂಡ ಗಾಡಿಯಾದರೆ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಆರ್‌ಸಿಯಿಂದ ಅಡವು ತೆಗೆಸಿದ ದಾಖಲೆ ಬೇಕು. ಎತ್ತು ಘಟ್ಟ ಇಳಿದು ಬರುವಾಗ ಇದ್ಯಾವುದನ್ನೂ ಯಾರೂ ಕೇಳುತ್ತಿರಲಿಲ್ಲ ಎಂದು ಮಾವ ನಿಟ್ಟುಸಿರಿಟ್ಟರು.

ಆ ಗಾಡಿ ಬಿಟ್ಟೆವು. ಹೊಸ ಪೈಂಟು ಬಳಿದವನಿಗಿಂತ ತುಕ್ಕನ್ನು ಹಾಗೇ ಬಿಟ್ಟವನಿಗೆ ನಾಲ್ಕು ಕಾಸು ಹೆಚ್ಚು ಕೊಡಬೇಕು ಎಂದು ಮಾವ ಚಾಯದಂಗಡಿಯಲ್ಲಿ ತೀರ್ಪು ಕೊಟ್ಟರು, ಸ್ವಲ್ಪ ಗಟ್ಟಿಯಾಗಿಯೇ. ಅಂದಿನಿಂದ ನಮಗೆ ತೋರಿಸಲು ತರುವ ಪ್ರತಿ ಟ್ರ್ಯಾಕ್ಟರಿಗೂ ತುಕ್ಕಿದೆ, ಕೆಸರಿದೆ. ಕೆಲವುಗಳ ಕೆಸರು ಇನ್ನೂ ಹಸಿ.