ಮಲ್ಪೆ ಬಂದರಿನ ಮರದಡಿ ನ್ಯಾಯಪೀಠಕ್ಕೆ ಒಂದು ಬಹಿರಂಗ ಪತ್ರ



ಕಳ್ಳತನದ ಆರೋಪ ಹೊತ್ತವರನ್ನು ಕಟ್ಟಿಹಾಕಿ ಹೊಡೆಯುವುದು ತಾನೇ ಒಂದು ಅಪರಾಧ. ಎಷ್ಟೋ ಸಲ ಕಳ್ಳತನಕ್ಕಿಂತ ದೊಡ್ಡದು. 2025ರ ಮಾರ್ಚ್ 18ರಂದು ಮಲ್ಪೆ ಮೀನುಗಾರಿಕಾ ಬಂದರಿನಲ್ಲಿ ಕೂಡಿದ ಪೀಠಕ್ಕೆ ಇದು ತಿಳಿದಿದ್ದಂತಿಲ್ಲ. ಬೇರೆ ಜಿಲ್ಲೆಯಿಂದ ದುಡಿಯಲು ಬಂದ ಮಹಿಳೆಯೊಬ್ಬರು ಸಿಗಡಿ ಕದ್ದರೆಂಬುದು ಅಂದಿನ ಮೊಕದ್ದಮೆ. ದೂರು ಕೊಟ್ಟವರ ಕಡೆಯವರೇ ನ್ಯಾಯಾಧೀಶರು. ವಿಚಾರಣೆ, ತೀರ್ಪು, ಶಿಕ್ಷೆ ಎಲ್ಲವೂ ದಕ್ಕೆಯಲ್ಲಿ ಮೀನಿನ ಮೇಲಿನ ಮಂಜುಗಡ್ಡೆ ಕರಗುವ ಮೊದಲೇ ಮುಗಿದವು: ಮಹಿಳೆಯನ್ನು ಮರಕ್ಕೆ ಕಟ್ಟಿ ಕೆನ್ನೆಗೆ ಬಾರಿಸಲಾಯಿತು. ಮೇಲ್ಮನವಿಗೆ ಅವಕಾಶವಿರಲಿಲ್ಲ. ದಶಕಗಟ್ಟಲೆ ವ್ಯಾಜ್ಯ ನಡೆಯುವ ದೇಶದಲ್ಲಿ ಈ ಚುರುಕುತನ ಸಾಮಾನ್ಯವಲ್ಲ.

ಪೀಠದ ಬಳಿ ಇಲ್ಲದಿದ್ದದ್ದು ಕಾನೂನಿನ ಪುಸ್ತಕವೊಂದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ, ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಅಪರಾಧ ಮೊದಲ ಸಲದ್ದಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ಅಷ್ಟು ಸಣ್ಣ ಕಳವಿಗೆ ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗೂ ಇಲ್ಲ. ಪೀಠಕ್ಕೆ ಅದು ಎಲ್ಲಿಂದ ಬಂತೋ! ಕಣ್ಣೆದುರೇ ಗಂಭೀರ ಅಪರಾಧ ನಡೆದಾಗ ಸಾರ್ವಜನಿಕರು ಆರೋಪಿಯನ್ನು ಹಿಡಿಯಬಹುದು, ನಿಜ. ಆದರೆ ಹಿಡಿದವರನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. ನಡುವೆ ಹಗ್ಗ, ಮರಗಳ ಪ್ರಸ್ತಾಪವಿಲ್ಲ.

ಇನ್ನು ಶಿಕ್ಷೆ ಕೊಟ್ಟವರ ಲೆಕ್ಕ. ಬೇಕೆಂದೇ ಹೊಡೆದು ನೋಯಿಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಕ್ರಮವಾಗಿ ಕೂಡಿಹಾಕಿದರೂ ಒಂದು ವರ್ಷದವರೆಗೆ ಜೈಲಾಗಬಹುದು. ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಹಲ್ಲೆಯೆಂದು ಸಾಬೀತಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು. ಆ ಮಹಿಳೆ ಪರಿಶಿಷ್ಟ ಜಾತಿಯವರಾದ್ದರಿಂದ ಮಲ್ಪೆ ಪ್ರಕರಣಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಸೇರಿಕೊಂಡಿತು. ಪರಿಶಿಷ್ಟರನ್ನು ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ ಅದರಡಿ ಆರು ತಿಂಗಳಿಂದ ಐದು ವರ್ಷ ಜೈಲು. ಮೇಲ್ನೋಟಕ್ಕೆ ಆರೋಪ ನಿಲ್ಲುವಂತಿದ್ದರೆ ನಿರೀಕ್ಷಣಾ ಜಾಮೀನು ಇಲ್ಲ. ಇದು ಠಾಣೆಯ ಜಗಲಿಯಲ್ಲಿ ರಾಜಿ ಮಾಡಿಕೊಂಡು ಮುಗಿಸುವ ಪ್ರಕರಣವೂ ಅಲ್ಲ.

ಸುತ್ತ ನಿಂತವರಲ್ಲಿ ಹಲವರು ಮೊಬೈಲ್ ತೆಗೆದರೇ ಹೊರತು ಹಗ್ಗ ಬಿಚ್ಚಲಿಲ್ಲ. ಸುಮ್ಮನೆ ನೋಡಿದ್ದು ಅಪರಾಧವಲ್ಲ. ಆದರೆ ಐದು ಅಥವಾ ಹೆಚ್ಚು ಮಂದಿ ಒಂದೇ ಉದ್ದೇಶದಿಂದ ಅಕ್ರಮ ಕೂಟ ಕಟ್ಟಿದರೆ, ಕೈ ಎತ್ತದವರೂ ಕೈ ಎತ್ತಿದವರಷ್ಟೇ ಹೊಣೆಗಾರರು. ಪೀಠದ ಕಲಾಪವನ್ನು ಅಷ್ಟು ಶ್ರದ್ಧೆಯಿಂದ ಚಿತ್ರೀಕರಿಸಿ ಹಂಚಿದವರು ತನಿಖೆಯ ಅರ್ಧ ಕೆಲಸವನ್ನು ಪುಕ್ಕಟೆಯಾಗಿ ಮುಗಿಸಿಕೊಟ್ಟರು. ಪೊಲೀಸರು ಬಂಧನಕ್ಕೆ ಇಳಿದದ್ದು ಆ ವಿಡಿಯೊ ಊರೂರು ತಿರುಗಿದ ಮೇಲೆಯೇ.

ಬಂಧನ ಖಂಡಿಸಿ ಬಂದರಿನಲ್ಲಿ ಪ್ರತಿಭಟನೆಯೂ ನಡೆಯಿತು. ದಕ್ಕೆಯಲ್ಲಿ ಮೀನು ಕಳವಾಗುತ್ತದೆ ಎಂಬ ಬೋಟಿನವರ ಅಳಲು ಸುಳ್ಳೇನಲ್ಲ. ಅದಕ್ಕೆ ಮಲ್ಪೆ ಪೊಲೀಸ್ ಠಾಣೆಯಿದೆ, ಮ್ಯಾಜಿಸ್ಟ್ರೇಟರ ನ್ಯಾಯಾಲಯವಿದೆ. ಅವು ತಡವಾಗುತ್ತವೆ ಎಂಬುದು ದೂರು, ಪರವಾನಗಿಯಲ್ಲ.

ಖರ್ಚಿನ ಬಾಬತ್ತೂ ಒಂದಿದೆ. ದೌರ್ಜನ್ಯ ತಡೆ ನಿಯಮಗಳ ಪ್ರಕಾರ, ಸಾರ್ವಜನಿಕ ಅವಮಾನಕ್ಕೆ ಗುರಿಯಾದವರಿಗೆ ಸರ್ಕಾರ ಕೊಡಬೇಕಾದ ಪರಿಹಾರ 1 ಲಕ್ಷ ರೂಪಾಯಿ: ಎಫ್‌ಐಆರ್ ಹಂತದಲ್ಲಿ ಕಾಲು ಭಾಗ, ಆರೋಪಪಟ್ಟಿ ಸಲ್ಲಿಕೆಯಾದಾಗ ಅರ್ಧ, ಶಿಕ್ಷೆಯಾದಾಗ ಉಳಿದದ್ದು. ಪೀಠ ಆ ಹೊತ್ತು ವಸೂಲು ಮಾಡಹೊರಟಿದ್ದು ಸಿಗಡಿಯ ಬೆಲೆಯನ್ನು.