ಬ್ರೇಕ್ ರಬ್ಬರಿನ ರಸಿಕರು

ಹಳೆಯ ರೇಸಿಂಗ್ ಸೈಕಲ್ಲಿಗೆ ಹೊಸ ಬ್ರೇಕ್ ರಬ್ಬರ್ ಆರಿಸುವವರು ಸೈಕಲ್ ತುಳಿಯುವವರಿಗಿಂತ ಬೇರೆಯೇ ಆದ ಒಂದು ಪಂಗಡ. ತುಳಿಯುವವನಿಗೆ ಬ್ರೇಕು ಹಿಡಿದರೆ ಸಾಕು. ಇವರಿಗೆ ಅದು ಯಾವ ದನಿಯಲ್ಲಿ ಹಿಡಿಯಿತು, ಹಿಡಿದ ರಬ್ಬರು ಯಾವ ದೇಶದ್ದು ಎಂಬುದು ಮುಖ್ಯ. ಹಿಡಿಯದೇ ಹೋದರೂ ಅಂಥ ಬೇಸರವೇನಿಲ್ಲ, ಮಾತಿಗೆ ಇನ್ನೊಂದು ವಿಷಯ ಸಿಕ್ಕಿದಂತಾಯಿತು. ಪಂಗಡದ ಬಹುಪಾಲು ಮಂದಿ ಐವತ್ತು ದಾಟಿದ ಗಂಡಸರು. ಮನೆಯಲ್ಲಿ ವರ್ನಿಯರ್ ಕ್ಯಾಲಿಪರ್ ಇದ್ದು, ಬಿಸ್ಕತ್ತಿನ ಡಬ್ಬಿಯಲ್ಲಿ ಬಿಸ್ಕತ್ತು ಇಲ್ಲದಿದ್ದರೆ ಗುರುತು ಹಿಡಿಯಲು ಅಷ್ಟು ಸಾಕು. ಯುರೋಪು, ಅಮೆರಿಕಗಳಲ್ಲಿ ಇವರ ಸಂಖ್ಯೆ ದೊಡ್ಡದು. ಬೆಂಗಳೂರಿನಲ್ಲಿ ವಿರಳ, ವಿರಳವಾದ್ದರಿಂದಲೇ ಒಬ್ಬೊಬ್ಬರ ಭಾರವೂ ಸುತ್ತಲಿನವರ ಮೇಲೆ ಹೆಚ್ಚು ಬೀಳುತ್ತದೆ. ಇಲ್ಲಿ ವಿವರಿಸಿರುವ ಮಾದರಿ ಬಸವನಗುಡಿಯ ಒಂದು ಮನೆಯ ಕೆಳಮಹಡಿಯಲ್ಲಿದೆ, ನಿವೃತ್ತ ಎಂಜಿನಿಯರು. ಅವರನ್ನು ನಾಲ್ಕು ವರ್ಷ ಹತ್ತಿರದಿಂದ ಗಮನಿಸಿದವರು ಅದೇ ಮನೆಯ ಮೇಲ್ಮಹಡಿಯ ಬಾಡಿಗೆದಾರರು. ಬಾಡಿಗೆಯ ಕರಾರುಪತ್ರದಲ್ಲಿ ನೀರು, ಕರೆಂಟು, ಗೋಡೆಗೆ ಮೊಳೆ ಹೊಡೆಯುವುದು ಎಲ್ಲಕ್ಕೂ ಒಂದೊಂದು ಷರತ್ತಿತ್ತು. ಬ್ರೇಕಿನ ಮಾತಿರಲಿಲ್ಲ.

ಹಾಲಿನ ಕ್ಯಾನು, ಸೊಪ್ಪಿನ ಮೂಟೆ ಹೊತ್ತ ನಮ್ಮ ಕರಿ ಸೈಕಲ್ಲುಗಳು ಇಂಥವರನ್ನು ಹುಟ್ಟಿಸಲಿಲ್ಲ. ಅವುಗಳದ್ದು ಕಂಬಿಯ ಬ್ರೇಕು. ಹ್ಯಾಂಡಲ್ಲಿನ ಕೆಳಗಿನ ಸರಳನ್ನು ಎಳೆದರೆ ಕುದುರೆಲಾಳದ ಆಕಾರದ ಕೊಂಡಿಯೊಂದು ಮೇಲೆದ್ದು, ಎರಡು ರಬ್ಬರ್ ತುಂಡುಗಳನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಸವೆದರೆ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಒಂದೇ ಬಗೆ. ಆರಿಸಲು ಏನೂ ಇಲ್ಲದ್ದರಿಂದ ಕೊರಗಲೂ ಏನೂ ಇಲ್ಲ. ರೇಸಿಂಗ್ ಸೈಕಲ್ಲಿನ ಬ್ರೇಕಾದರೋ ಇಕ್ಕಳದಂತೆ ರಿಮ್ಮನ್ನು ಎರಡು ಪಕ್ಕದಿಂದ ಅದುಮುತ್ತದೆ. ಇಕ್ಕಳ ಮಾಡಿದ ಪ್ರತಿ ಕಂಪನಿಯೂ ರಬ್ಬರನ್ನು ತನ್ನದೇ ರೀತಿಯಲ್ಲಿ ಸಿಕ್ಕಿಸಿದೆ. ಇಟಲಿಯ ವಿಚೆಂಜಾ ಊರಿನ ಕಂಪಾನ್ಯೋಲೊ ಅದನ್ನು ಲೋಹದ ದೋಣಿಯೊಳಗೆ ಜಾರಿಸಿ ಕೂರಿಸಿತು. ಆ ದೋಣಿಯ ಒಂದು ತುದಿ ತೆರೆದಿರುತ್ತದೆ. ಮುಚ್ಚಿದ ತುದಿ ಮುಂದಕ್ಕೇ ಇರಬೇಕು. ತಿರುಗಿಸಿ ಹಾಕಿದರೆ, ಬ್ರೇಕು ಹಿಡಿದ ಗಳಿಗೆಯಲ್ಲಿ ಚಕ್ರ ರಬ್ಬರನ್ನು ಎಳೆದುಕೊಂಡು ಹೊರಗೆ ಎಸೆಯುತ್ತದೆ, ಆಮೇಲಿನದು ಸವಾರನ ಜಾತಕಕ್ಕೆ ಬಿಟ್ಟದ್ದು. ಸ್ವಿಟ್ಜರ್ಲೆಂಡಿನ ವೈನ್‌ಮನ್ ಕಂಪನಿಯ ರಬ್ಬರಿನ ಬೆನ್ನಿಗೆ ಮರೆ, ಅಂದರೆ ತಿರುಪಿನ ಸುತ್ತು, ಇರುವ ಬೋಲ್ಟಿದೆ, ನಟ್ಟು ಬಿಗಿದರೆ ಮುಗಿಯಿತು. ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಊರಿನ ಮಾಫಾಕ್ ಕಂಪನಿಯದ್ದಕ್ಕೆ ಮರೆ ಇಲ್ಲ. ಬರೀ ನುಣುಪಾದ ಕಡ್ಡಿ, ಅದು ಇನ್ನೊಂದು ಬೋಲ್ಟಿನ ಕಣ್ಣಿನೊಳಗೆ ತೂರಿ ನಿಲ್ಲುತ್ತದೆ.

ಬಸವನಗುಡಿಯ ಮಾದರಿಯ ಬಳಿ ಇರುವುದು ಪೇಜೋ ಯುಒ-8. 1970ರ ದಶಕದ ಆರಂಭದಲ್ಲಿ ಅಮೆರಿಕನ್ನರಿಗೆ ಸೈಕಲ್ಲಿನ ಹುಚ್ಚು ಹಿಡಿದಾಗ ಅಲ್ಲಿ ರಾಶಿ ರಾಶಿ ಮಾರಾಟವಾದ ಫ್ರೆಂಚ್ ಸೈಕಲ್ಲು. ಮಾದರಿ ಅಲ್ಲಿ ಕೆಲಸಕ್ಕಿದ್ದಾಗ ಯಾರದೋ ಗ್ಯಾರೇಜಿನಿಂದ ಕೊಂಡು, ವಾಪಸು ಬರುವಾಗ ಹೆಂಡತಿಯ ಮಿಕ್ಸಿಯನ್ನು ಬಿಟ್ಟು ಇದನ್ನು ಹೊತ್ತು ತಂದದ್ದು. ಬ್ರೇಕು ಮಾಫಾಕ್ 'ರೇಸರ್'. ಇಂಗ್ಲೆಂಡಿನ ರೆನಾಲ್ಡ್ಸ್ 531 ಕೊಳವೆಗಳ ಗುಣಗಾನವನ್ನು ಮಾದರಿ ಗಂಟೆಗಟ್ಟಲೆ ಮಾಡಬಲ್ಲರು. ಯುಒ-8ರ ಚೌಕಟ್ಟು 531ರದ್ದಲ್ಲ, ಮಾಮೂಲಿ ಉಕ್ಕಿನದು ಎಂಬುದನ್ನು ಮಾತ್ರ ಯಾರೂ ಜ್ಞಾಪಿಸಬಾರದು.

ಹೊಸ ರಬ್ಬರಿನ ಅಗತ್ಯ ನಿಜವಾದದ್ದೇ. ನಲವತ್ತು ಐವತ್ತು ವರ್ಷ ಗಾಳಿಗೆ ಬಿದ್ದ ರಬ್ಬರು ಒಣಗಿ ಕಲ್ಲಾಗುತ್ತದೆ. ಮೇಲ್ಮೈ ಹೊಳೆಯುತ್ತದೆ, ಮರಳಿನ ಕಣಗಳು ಹೂತುಕೊಂಡು ರಿಮ್ಮನ್ನು ಗೀರುತ್ತವೆ. ಸ್ಯಾಂಡ್‌ಪೇಪರ್ ಹಚ್ಚಿ ಉಜ್ಜಿದರೆ ಒಂದೆರಡು ವಾರದ ಜೀವ ಬಂದೀತು, ಅಷ್ಟೆ. ರಿಮ್ಮಿನ ಲೋಹವನ್ನೂ ನೋಡಬೇಕು. ಅಲ್ಯುಮಿನಿಯಂ ರಿಮ್ಮಾದರೆ ಮಳೆಯಲ್ಲೂ ತಕ್ಕಮಟ್ಟಿಗೆ ಹಿಡಿತ ಸಿಗುತ್ತದೆ. ಯುಒ-8ಕ್ಕೆ ಇದ್ದದ್ದು ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮು. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದರೆ ಪಾಚಿ ಕಟ್ಟಿದ ಬಚ್ಚಲುಕಲ್ಲು. ಇದಕ್ಕೆಂದೇ ಬ್ರಿಟನ್ನಿನ ಫೈಬ್ರಾಕ್ಸ್ ಕಂಪನಿ ರಬ್ಬರಿನ ಮುಖಕ್ಕೆ ಚರ್ಮ ಕೂರಿಸಿ ಮಾರಿದ್ದುಂಟು. ಈಗ ಪಂಗಡದ ಬಹುಮತ ಅಮೆರಿಕದ ಕೂಲ್-ಸ್ಟಾಪ್ ಕಂಪನಿಯ ಸಾಲ್ಮನ್ ಬಣ್ಣದ ರಬ್ಬರಿಗಿದೆ. ಅದರಲ್ಲಿ ಕಬ್ಬಿಣದ ಆಕ್ಸೈಡು ಬೆರೆತಿದೆ. ಒದ್ದೆಯಲ್ಲಿ ಕಪ್ಪು ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತದೆ, ರಿಮ್ಮನ್ನೂ ಕಡಿಮೆ ಗೀರುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಸೈಕಲ್ ಅಂಗಡಿಯೊಂದರ ಮೆಕ್ಯಾನಿಕ್ ಆಗಿದ್ದ ಶೆಲ್ಡನ್ ಬ್ರೌನ್ (1944–2008) ಇದನ್ನೇ ಶಿಫಾರಸು ಮಾಡಿದ್ದರು. ಸೈಕಲ್ಲಿನ ಒಂದೊಂದು ತಿರುಪಿನ ಬಗ್ಗೆಯೂ ಬರೆದಿಟ್ಟು ಹೋದ ಮನುಷ್ಯ. ಹಳ್ಳಿಯ ಕಟ್ಟೆಯಲ್ಲಿ ಸರ್ವಜ್ಞನಿಗೆ ಇರುವ ಸ್ಥಾನ ಈ ಪಂಗಡದಲ್ಲಿ ಅವರಿಗಿದೆ. "ಶೆಲ್ಡನ್ ಹೇಳಿದಾನೆ" ಎಂದ ಮೇಲೆ ವಾದವಿಲ್ಲ.

ಅಪ್ಪಟ ಸಸ್ಯಾಹಾರಿ ಮನೆಯೊಂದರಲ್ಲಿ ದಿನಕ್ಕೆ ಹತ್ತು ಸಲ ಸಾಲ್ಮನ್ ಮೀನಿನ ಹೆಸರು ಕೇಳಿಬರುವುದು ಇದರ ಅಡ್ಡಪರಿಣಾಮ. ಮಾದರಿಯ ಪತ್ನಿ ಅದನ್ನು ಕೇಸರಿಬಾತ್ ಬಣ್ಣ ಎಂದು ತಿದ್ದಿಕೊಂಡಿದ್ದಾರೆ. ಅವರು ಎತ್ತಿದ ಇನ್ನೊಂದು ಆಕ್ಷೇಪಕ್ಕೆ ಈವರೆಗೆ ಉತ್ತರ ಬಂದಿಲ್ಲ. ರಬ್ಬರನ್ನು ಆರಿಸುವುದು ಮಳೆಯಲ್ಲಿ ಹಿಡಿಯಲೆಂದು. ಆದರೆ ಕ್ರೋಮಿಗೆ ತುಕ್ಕು ಹಿಡಿಯುತ್ತದೆಂದು ಮೋಡ ಕಂಡರೆ ಸಾಕು, ಸೈಕಲ್ಲಿಗೆ ಹಳೆ ಸೀರೆ ಹೊದಿಸಿ ಒಳಗಿಡುತ್ತಾರೆ. ಆ ಸೈಕಲ್ಲು ಬೆಂಗಳೂರಿನ ಮಳೆಯ ಒಂದು ಹನಿಯನ್ನೂ ಕಂಡಿಲ್ಲ.

ಪಂಗಡದ ಉಳಿದ ಲಕ್ಷಣಗಳು ಸಂಕ್ಷೇಪವಾಗಿ ಇವು. ಡಿಸ್ಕ್ ಬ್ರೇಕನ್ನು ಕಂಡರೆ ಮಡಿಯಲ್ಲಿದ್ದವರಂತೆ ಪಕ್ಕಕ್ಕೆ ಸರಿಯುತ್ತಾರೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಸಂತೋಷಪಡುವವರು ಇವರೊಬ್ಬರೇ. ಇಟಲಿಯ ಗಯೋಲೆ ಇನ್ ಕಿಯಾಂಟಿ ಎಂಬಲ್ಲಿ 1997ರಿಂದ ನಡೆಯುವ ಲೆರೋಯಿಕಾ ಸವಾರಿಗೆ 1987ಕ್ಕಿಂತ ಹಿಂದಿನ ಸೈಕಲ್ಲುಗಳಿಗೆ ಪ್ರವೇಶ. ಹಿಂದಿನವರು ಕಾಶಿಯ ಬಗ್ಗೆ ಹೇಳುತ್ತಿದ್ದಂತೆ ಇವರು ಅದರ ಬಗ್ಗೆ "ಒಂದ್ಸಲ ಹೋಗಿ ಬರಬೇಕು" ಎನ್ನುತ್ತಾರೆ. ಮಂಡಿನೋವಿನ ಸುದ್ದಿ ಬಂದಾಗ ಆ ಮಾತು ನಿಲ್ಲುತ್ತದೆ.

ರಬ್ಬರನ್ನು ಕೂರಿಸುವ ವಿಧಾನಕ್ಕೆ ಹೆಚ್ಚಿನ ವಿವರಣೆ ಬೇಕು, ಏಕೆಂದರೆ ಅದಕ್ಕೆ ಎರಡನೆಯ ಮನುಷ್ಯ ಬೇಕು. ರಬ್ಬರು ರಿಮ್ಮಿಗೆ ಚಪ್ಪಟೆಯಾಗಿ ತಾಗಬಾರದು. ಮುಂದಿನ ತುದಿ ಮೊದಲು ತಾಗಬೇಕು. ಆಗ ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಅರ್ಧದಿಂದ ಒಂದು ಮಿಲಿಮೀಟರ್ ಸಂದಿರಬೇಕು. ಇಲ್ಲದಿದ್ದರೆ ರಬ್ಬರು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ, ಆದರೆ ಅದಕ್ಕೆ ಜನ ದುಡ್ಡು ಕೊಟ್ಟು ಬರುತ್ತಾರೆ. ಸಂದಿಗಾಗಿ ಹಿಂದಿನ ತುದಿಯಲ್ಲಿ ಒಂದು ರಟ್ಟಿನ ಚೂರಿಟ್ಟು, ಬ್ರೇಕ್ ಹಿಡಿ ಅದುಮಿ ಹಿಡಿದು ನಟ್ಟು ಬಿಗಿಯುವುದು ರೂಢಿ. ಬಸವನಗುಡಿಯ ಪ್ರಯೋಗಗಳಲ್ಲಿ ಮದುವೆಯ ಕರೆಯೋಲೆ ದಪ್ಪವೆಂದೂ ಬಿಎಂಟಿಸಿ ಟಿಕೆಟ್ಟು ತೆಳುವೆಂದೂ ಕಂಡುಬಂತು. ಸರಿಹೋದದ್ದು ಬಾಡಿಗೆದಾರರ ವಿಸಿಟಿಂಗ್ ಕಾರ್ಡು. ಅವರು ಹಿಂದಿನ ಕಂಪನಿ ಬಿಟ್ಟಾಗ ಉಳಿದಿದ್ದ, 'ಸೀನಿಯರ್ ಮ್ಯಾನೇಜರ್' ಎಂದು ಉಬ್ಬಕ್ಷರದಲ್ಲಿ ಅಚ್ಚಾದ ಇನ್ನೂರು ಕಾರ್ಡುಗಳಿಗೆ ಅಂತೂ ಒಂದು ಉಪಯೋಗ ಸಿಕ್ಕಿತು.

ಘಟನೆ ನಡೆದದ್ದು ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ. "ಸ್ವಲ್ಪ ಕೆಳಗೆ ಬರ್ತೀರಾ? ಎರಡೇ ನಿಮಿಷ" ಎಂಬ ಕರೆ ಮೆಟ್ಟಿಲ ಬುಡದಿಂದ ಬಂತು. ಬಾಡಿಗೆದಾರರ ಪಾಲಿಗೆ ಬಂದದ್ದು ಒಂದು ಕೈಯಲ್ಲಿ ಕಾರ್ಡು ಹಿಡಿಯುವುದು, ಇನ್ನೊಂದರಲ್ಲಿ ಬ್ರೇಕ್ ಹಿಡಿ ಅದುಮುವುದು. ಮಾಫಾಕ್ ಬ್ರೇಕಿನ ವಿಶೇಷವೆಂದರೆ ಒಂದೇ ನಟ್ಟು ಸಡಿಲಿಸಿದರೆ ರಬ್ಬರಿನ ಕಡ್ಡಿ ಒಳಹೊರಗೆ ಜಾರುತ್ತದೆ, ತನ್ನ ಸುತ್ತ ತಾನೇ ತಿರುಗುತ್ತದೆ, ಓರೆಯೂ ಆಗುತ್ತದೆ. ಎಲ್ಲವನ್ನೂ ಸರಿಮಾಡಿ ಅದೇ ನಟ್ಟನ್ನು ಬಿಗಿದರೆ ಎಲ್ಲವೂ ಮತ್ತೆ ಒಂದೊಂದು ಕೂದಲೆಳೆ ಅಲುಗುತ್ತದೆ. ಎಂಟು ಗಂಟೆಗೆ ಮೊದಲನೆಯ ರಬ್ಬರು ಕೂತಿತು. ಎಂಟೂಕಾಲಿಗೆ ಅದನ್ನು ಬಿಚ್ಚಲಾಯಿತು. "ರೀ, ಅವರಿಗೆ ಆಫೀಸಿಗೆ ಹೊತ್ತಾಯ್ತು, ಬಿಡ್ರೀ" ಎಂದು ಒಳಗಿನಿಂದ ಎರಡು ಸಲ ಕೇಳಿಸಿತು, ಎರಡು ಸಲ ಕಾಫಿಯೂ ಬಂತು. ಕೈ ಖಾಲಿ ಇಲ್ಲದ ಬಾಡಿಗೆದಾರರು ಅದು ಆರುವುದನ್ನು ನೋಡಿದರು. ಹತ್ತೂ ಇಪ್ಪತ್ತಕ್ಕೆ ನಾಲ್ಕನೆಯ ರಬ್ಬರು ಕೂತಾಗ ಹದಿನೇಳು ಕಾರ್ಡು ಮಡಚಿಹೋಗಿದ್ದವು. ಅವರ ಹೆಬ್ಬೆರಳಿನಲ್ಲಿ ಬುಧವಾರದವರೆಗೂ ಬ್ರೇಕ್ ಹಿಡಿಯ ಅಚ್ಚಿತ್ತು. ಬೈಯಬೇಕೆಂದಿದ್ದವರು "ಚೆನ್ನಾಗಿ ಕೂತಿದೆ ಸಾರ್" ಎಂದರೆಂದು ದಾಖಲಾಗಿದೆ. ಅದು ಬಾಡಿಗೆ ಹೆಚ್ಚಿಸುವ ತಿಂಗಳಾಗಿತ್ತು.

ಪರೀಕ್ಷೆ ಮರುದಿನ ಬೆಳಿಗ್ಗೆ ಆರಕ್ಕೆ, ದೊಡ್ಡ ಬಸವನ ಗುಡಿಯ ಇಳಿಜಾರಿನಲ್ಲಿ. ಸೈಕಲ್ಲು ನಿಂತಿತು, ಅದಕ್ಕೆ ಮುಂಚೆ ಚೀರಿತು. ರಂಗೋಲಿ ಇಡುತ್ತಿದ್ದವರ ಎಳೆ ತಪ್ಪಿತು. ಮೂರು ಕ್ರಾಸಿನ ನಾಯಿಗಳು ಉತ್ತರ ಕೊಟ್ಟವು. ಮಾಫಾಕ್ ಬ್ರೇಕು ಚೀರುವುದಕ್ಕೆ ಜಗತ್ತಿನಾದ್ಯಂತ ಹೆಸರುವಾಸಿ. ಆದ್ದರಿಂದ ಮಾದರಿ ನಿರಾಶರಾಗಲಿಲ್ಲ. "ಒರಿಜಿನಲ್ ಸೌಂಡು" ಎಂದು ಬೀಗಿದರು. ಮನೆ ತಲುಪುವ ಹೊತ್ತಿಗೆ ಮನಸ್ಸು ಬದಲಾಗಿ ಬೇರೆ ರಬ್ಬರಿನ ಯೋಚನೆ ಶುರುವಾಗಿತ್ತು.

ಈ ಸಾಮಾನು ಊರಿನಲ್ಲಿ ಸಿಗುವುದಿಲ್ಲ. ಗಲ್ಲಿಯ ಮೆಕ್ಯಾನಿಕ್ಕಿಗೆ ಅದರ ಚಿತ್ರ ತೋರಿಸಿದಾಗ ಅವನು "ಬ್ರೇಕ್ ರಬ್ಬರ್ ಅಂದ್ರೆ ಬ್ರೇಕ್ ರಬ್ಬರ್ ಸಾರ್" ಎಂದು ಸ್ಟೂಲು ಸರಿಸಿಕೊಂಡ. ಮಾದರಿಗೆ ಅದು ಬರುವುದು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಸೂಟ್‌ಕೇಸಿನಲ್ಲಿ, ಬಾದಾಮಿಗೂ ಚಾಕೊಲೇಟಿಗೂ ನಡುವೆ. ಬಂದದ್ದು ಬಿಸ್ಕತ್ ಡಬ್ಬಿ ಸೇರುತ್ತದೆ. ಆ ಸೈಕಲ್ಲಿಗೆ ಬೇಕಾದದ್ದು ಮುಂದೊಂದು ಜೊತೆ, ಹಿಂದೊಂದು ಜೊತೆ. ಭಾನುವಾರದ ಎರಡು ಮೈಲಿಯ ಸವಾರಿಗೆ ಅವು ಸವೆಯಲು ವರ್ಷಗಳು ಬೇಕು. ಡಬ್ಬಿಯಲ್ಲಿ ಬಿಚ್ಚದ ಒಂಬತ್ತು ಜೊತೆಗಳಿವೆ. ಒಂದೊಂದು ಪೊಟ್ಟಣದ ಮೇಲೂ ಬಾಲ್ ಪೆನ್ನಿನಲ್ಲಿ ತಿಂಗಳು, ವರ್ಷ ಬರೆದಿದೆ. ಬರೆದದ್ದು ಕೊಂಡ ದಿನವಲ್ಲ, ಮಗಳು ಬಂದ ದಿನ. ಮೊದಲು ವರ್ಷಕ್ಕೊಂದು ಇದ್ದದ್ದು ಆಮೇಲೆ ಎರಡು ವರ್ಷಕ್ಕೊಂದಾಗಿದೆ. ಒಂದು ಕಡೆ ಮೂರು ವರ್ಷದ ಸಂದು. "ಬರೋವಾಗ ಏನು ತರಲಿ ಅಪ್ಪ?" ಎಂದು ಫೋನಿನಲ್ಲಿ ಕೇಳಿದಾಗ, ಏನೂ ಬೇಡ, ನೀನು ಬಂದರೆ ಸಾಕು ಎನ್ನುವುದು ಈ ಪಂಗಡಕ್ಕೆ ಬರುವುದಿಲ್ಲ. "ಒಂದು ಜೊತೆ ರಬ್ಬರ್ ತಾ. ನುಣುಪು ಕಡ್ಡಿದು, ಮರೆಯದಲ್ಲ" ಎನ್ನುವುದು ಬರುತ್ತದೆ. ಇದು ಬ್ರೇಕಿನ ವಿಷಯಕ್ಕೆ ನೇರವಾಗಿ ಸೇರಿದ್ದಲ್ಲ.

ತಪ್ಪಿ ಬಂದ ರಬ್ಬರುಗಳ ವಿಲೇವಾರಿ ಕೊನೆಯದು. ಮರೆಗೂ ನುಣುಪಿಗೂ ಇರುವ ವ್ಯತ್ಯಾಸವನ್ನು ಬಾಡಿಗೆದಾರರಿಗೆ ಒಂದು ಸಂಜೆಯೆಲ್ಲ ವಿವರಿಸಿದ ವಾರದಲ್ಲೇ ಮಾದರಿ ಸ್ವತಃ ಮರೆಯುಳ್ಳ ಎರಡು ಜೊತೆ ತರಿಸಿಕೊಂಡಿದ್ದರು. ತಮಗೆ ಬಾರದ ಅವನ್ನು ಯುಗಾದಿಯ ದಿನ ಹೋಳಿಗೆಯ ಜೊತೆಗೆ ಮೇಲ್ಮಹಡಿಗೆ ಕಳಿಸಿದರು. ಬಾಡಿಗೆದಾರರದ್ದು ಇಕ್ಕಳದ ಬ್ರೇಕಿನ ಮಾಮೂಲಿ ದೇಶಿ ಸೈಕಲ್ಲು. ಪಂಕ್ಚರ್ ಅಂಗಡಿಯ ಹುಡುಗ ಕಾರ್ಡಿಲ್ಲದೆ, ವರ್ನಿಯರ್ ಇಲ್ಲದೆ, ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ನಾಲ್ಕನ್ನೂ ಆರು ನಿಮಿಷದಲ್ಲಿ ಬಿಗಿದುಕೊಟ್ಟ. ಎರಡು ಮಳೆಗಾಲ ಕಳೆದಿದೆ. ಇಳಿಜಾರಿನಲ್ಲಿ, ನೀರು ನಿಂತ ರಸ್ತೆಯಲ್ಲಿ, ಎದುರಿಗೆ ಹಸು ಬಂದಾಗ ಅವು ಸದ್ದಿಲ್ಲದೆ ಹಿಡಿಯುತ್ತಿವೆ. ಕೆಳಮಹಡಿಗೆ ಈ ವಿಷಯವನ್ನು ತಿಳಿಸಿಲ್ಲ. ಮನೆಯ ಹತ್ತಿರ ಬಂದಾಗ ಬಾಡಿಗೆದಾರರು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ಒಳಗೆ ಬರುತ್ತಾರೆ.