ನಮ್ಮನೆಯ ಭಾವೀ ಡಾಕ್ಟರು

ಡಾಕ್ಟರಾಗಲು ಎಂಬಿಬಿಎಸ್ ಓದಬೇಕು ಎಂಬುದು ಸರ್ಕಾರದ ನಿಯಮ. ನಮ್ಮ ಬಂಧುಬಳಗದಲ್ಲಿ ಅಷ್ಟು ದಿನ ಕಾಯುವವರಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ತೊಂಬತ್ತರ ಮೇಲೆ ಬಂತೆಂದರೆ ಸಾಕು, ಪಿಸಿಎಂಬಿಗೆ ಅರ್ಜಿ ಹಾಕುವ ಮೊದಲೇ ಹುಡುಗನ ಹೆಸರು ಮಾಯವಾಗಿ ಆ ಜಾಗದಲ್ಲಿ ‘ಡಾಕ್ಟ್ರು’ ಬಂದು ಕೂತಿರುತ್ತಾರೆ. ‘ಡಾಕ್ಟ್ರಿಗೆ ಇನ್ನೊಂದು ದೋಸೆ ಹಾಕು’, ‘ಡಾಕ್ಟ್ರು ಸ್ನಾನಕ್ಕೆ ಹೋಗಿದಾರೆ’, ‘ಡಾಕ್ಟ್ರೇ, ಆ ಗ್ಯಾಸ್ ಸಿಲಿಂಡರ್ ಸ್ವಲ್ಪ ಒಳಗಿಡಿ’. ಮದುವೆಮನೆಗಳಲ್ಲಿ ಮೊಣಕಾಲು ನೋವಿನ ಅತ್ತೆಯಂದಿರು ಈಗಿನಿಂದಲೇ ಅವನ ಪಕ್ಕದ ಕುರ್ಚಿ ಹಿಡಿಯುತ್ತಾರೆ. ಇಷ್ಟೆಲ್ಲ ಮರ್ಯಾದೆಗೆ ಪ್ರತಿಯಾಗಿ ಅವನು ಮಾಡಬೇಕಾದದ್ದು ಒಂದೇ. ‘ಯಾಕಪ್ಪಾ ಡಾಕ್ಟ್ರಾಗ್ಬೇಕು ಅಂತ ಆಸೆ?’ ಎಂದು ಯಾರು ಯಾವ ಹೊತ್ತಿನಲ್ಲಿ ಕೇಳಿದರೂ, ಕೇಳಿದವರ ಕಣ್ಣು ಒದ್ದೆಯಾಗುವಂಥ ಉತ್ತರ ಕೊಡಬೇಕು.

ತಮಾಷೆಯೆಂದರೆ, ಈ ಪ್ರಶ್ನೆಯನ್ನು ಕೇಳದವರು ಯಾರಾದರೂ ಇದ್ದರೆ ಅದು ನೀಟ್ ಪರೀಕ್ಷೆ ನಡೆಸುವವರು. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90, ಒಟ್ಟು 180 ಪ್ರಶ್ನೆ, 720 ಅಂಕ. ಒಂದರಲ್ಲಾದರೂ ‘ನಿನಗ್ಯಾಕೆ ಈ ಉಸಾಬರಿ’ ಎಂದಿಲ್ಲ. ಸಂದರ್ಶನವೂ ಇಲ್ಲ. ಬಡವರ ಸೇವೆಗೆ ಹೊರಟವನೂ ಅಪ್ಪನ ನರ್ಸಿಂಗ್ ಹೋಮ್ ನಡೆಸಲು ಹೊರಟವನೂ ಒಂದೇ ನಮೂನೆಯ ಓಎಂಆರ್ ಹಾಳೆಯಲ್ಲಿ ಗುಂಡಗಿನ ಮನೆ ತುಂಬಿ ಎದ್ದು ಬರುತ್ತಾರೆ. ಹೀಗಾಗಿ ಆ ಪ್ರಶ್ನೆ ಕೇಳುವ ಹೊಣೆ ನೆಂಟರ ಪಾಲಿಗೆ ಬಿದ್ದಿದೆ. ನಮ್ಮಲ್ಲಿ ಕಟ್ ಆಫ್ ಬಹಳ ಜಾಸ್ತಿ.

ನನ್ನ ತಮ್ಮನ ಮಗ ಪಿಯುಸಿ ಆದಮೇಲೆ ಸೀಟು ಸಿಗದೆ ಶಿವಮೊಗ್ಗದ ನಮ್ಮ ಮನೆಯಲ್ಲಿದ್ದುಕೊಂಡು ‘ಲಾಂಗ್ ಟರ್ಮ್’ ಕೋಚಿಂಗಿಗೆ ಸೇರಿದ. ಅವನು ಬಂದ ದಿನದಿಂದ ನಮ್ಮ ಕುಕ್ಕರ್ ಕೂಗುವುದು ನಿಂತಿತು. ನನ್ನ ಹೆಂಡತಿ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸತೊಡಗಿದಳು. ಟೀವಿಗೆ ಮೌನವ್ರತ. ಪಾತ್ರಧಾರಿಗಳ ತುಟಿ ನೋಡಿಕೊಂಡೇ ಧಾರಾವಾಹಿಯ ಅತ್ತೆ ಏನು ಬೈದಳೆಂದು ಹೇಳುವಷ್ಟು ಅವಳು ಪಳಗಿದಳು. ದೇವರ ಕೋಣೆಯ ಬಾಗಿಲಿಗೆ ಕ್ರೆಬ್ಸ್ ಸೈಕಲ್‌ನ ಪಟ ಅಂಟಿಕೊಂಡಿತು. ಬೆಳಿಗ್ಗೆ ನಾನು ಕೈ ಮುಗಿದರೆ ಮೊದಲ ನಮಸ್ಕಾರ ಸಿಟ್ರಿಕ್ ಆಮ್ಲಕ್ಕೆ, ಉಳಿದದ್ದು ಗಣಪತಿಗೆ.

ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಇದು ಹುಡುಗನ ಮೈಗೇ ಹತ್ತಿಬಿಟ್ಟಿತ್ತು. ‘ಸಾರು ಹಾಕ್ಲಾ, ಹುಳಿ ಹಾಕ್ಲಾ?’ ಎಂದು ಕೇಳಿದರೆ ಎರಡು ಪಾತ್ರೆಯನ್ನೂ ಬಗ್ಗಿ ನೋಡಿ, ಖಾತ್ರಿಯಾದ ಮೇಲೆಯೇ ಬಾಯಿ ಬಿಡುತ್ತಿದ್ದ. ನನಗೆ ಈ ಗುಣ ಹಿಡಿಸಿತು. ಗೊತ್ತಿಲ್ಲದ ವಿಷಯಕ್ಕೆ ಸುಮ್ಮನಿರುವವರು ನಮ್ಮ ಮನೆತನದಲ್ಲಿ ಅವನಿಗಿಂತ ಮುಂಚೆ ಹುಟ್ಟಿದ್ದು ನಾನು ಕಾಣೆ.

ಎಲ್ಲಿಂದಲೋ ಒಂದು ಹಳೇ ಬಿಪಿ ಮಿಷನ್ ಸಂಪಾದಿಸಿದ್ದ. ರಾತ್ರಿ ಊಟಕ್ಕೆ ಮುಂಚೆ ನನ್ನ ಎಡತೋಳು ಅವನ ಪಾಲು. ಪಟ್ಟಿ ಸುತ್ತಿ, ಬುರುಬುರು ಗಾಳಿ ಹೊಡೆದು, ಹುಬ್ಬು ಗಂಟಿಕ್ಕಿ, ‘ದೊಡ್ಡಪ್ಪ, ಉಪ್ಪಿನಕಾಯಿ ಬಿಡಿ’ ಎನ್ನುತ್ತಿದ್ದ. ರೀಡಿಂಗ್ ಎಷ್ಟೇ ಬರಲಿ, ತೀರ್ಪು ಉಪ್ಪಿನಕಾಯಿಯ ಮೇಲೆಯೇ. ನನಗೆ ಮೈ ಉರಿಯುತ್ತಿತ್ತು. ಮಾಕ್ ಟೆಸ್ಟಿನ ಗಡಿಬಿಡಿಯಲ್ಲಿ ಅವನು ಮರೆತ ರಾತ್ರಿ ಮಾತ್ರ ನಾನೇ ಅಂಗಿಯ ತೋಳು ಮಡಚಿಕೊಂಡು ಅವನ ಕೋಣೆಯ ಮುಂದೆ ಕಾರಣವಿಲ್ಲದೆ ಓಡಾಡುತ್ತಿದ್ದೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ಕತೆ.

ಮೊದಲು ನಡೆದದ್ದು ಹೇಳುತ್ತೇನೆ. ನಮ್ಮ ಅಪ್ಪಯ್ಯ ಹೋದದ್ದು ತೊಂಬತ್ತರ ಹತ್ತಿರ, ಪುಷ್ಯ ಮಾಸದಲ್ಲಿ, ಮಧ್ಯಾಹ್ನ ಕಡುಬು ತಿಂದ ರಾತ್ರಿ. ಸಂಜೆ ಎದೆ ಹಿಡಿದಂತಾಗುತ್ತದೆ ಅಂದಾಗ ಪೇಟೆಯ ಡಾಕ್ಟರು ತಾವಾಗಿ ಬೈಕಿನಲ್ಲಿ ಬಂದರು. ಪರೀಕ್ಷೆ ಮಾಡಿ, ಮಲೆನಾಡಿನ ಡಾಕ್ಟರುಗಳೆಲ್ಲ ಕೊನೆಗೆ ಹೇಳುವ ಮಾತನ್ನೇ ಹೇಳಿದರು: ‘ಮಣಿಪಾಲಕ್ಕೆ ಕರ್ಕೊಂಡು ಹೋಗಿಬಿಡಿ.’ ಮನೆಬಾಗಿಲಿಗೆ ಟಾರು ರಸ್ತೆ. ಅಂಗಳದಲ್ಲಿ ತಮ್ಮನ ಜೀಪು, ಜೀಪಿನಲ್ಲಿ ಡೀಸೆಲ್ಲು. ಅಪ್ಪಯ್ಯನೇ ಒಪ್ಪಲಿಲ್ಲ. ‘ಅಡಿಕೆ ಕೊಯ್ಲು ಮುಗೀಲಿ ಮಾರಾಯ, ಆಮೇಲೆ ನೋಡುವ. ಡಾಕ್ಟ್ರಿಗೆ ಕಾಫಿ ಕೊಡ್ರೋ’ ಎಂದು ಮಗ್ಗುಲು ಬದಲಿಸಿದ. ಬೆಳಿಗ್ಗೆ ಏಳಲಿಲ್ಲ. ಇಷ್ಟೇ.

ಇದು ಏಳನೇ ಕ್ಲಾಸಿನಲ್ಲಿ ‘ನಾನು ವೈದ್ಯನಾದರೆ’ ಎಂಬ ಭಾಷಣ ಸ್ಪರ್ಧೆಗೆ ಬರುವ ಹೊತ್ತಿಗೆ ‘ನನ್ನ ಅಜ್ಜನಿಗೆ ಸಕಾಲದಲ್ಲಿ ಚಿಕಿತ್ಸೆ ಸಿಗಲಿಲ್ಲ’ ಎಂದಾಗಿತ್ತು. ಒಂದು ಸ್ಟೀಲ್ ಡಬ್ಬ ಬಹುಮಾನ. ಎಸ್ಸೆಸ್ಸೆಲ್ಸಿಯ ಪ್ರತಿಭಾ ಪುರಸ್ಕಾರದಲ್ಲಿ ಮಳೆ ಶುರುವಾಯಿತು. ಪಿಯುಸಿಯಲ್ಲಿ ಹೊಳೆ ಉಕ್ಕಿತು, ಎತ್ತಿನಗಾಡಿ ಬಂತು. ಕೋಚಿಂಗಿನವರು ಫೀಸು ರಿಯಾಯಿತಿಗೆ ಕರೆದು ಮಾತಾಡಿಸಿದ ದಿನ ಒಂದು ಎತ್ತಿನ ಕಾಲು ಮುರಿಯಿತು. ನಮ್ಮ ಮನೆಯಲ್ಲಿ ಎತ್ತುಗಳಿದ್ದದ್ದು ನಾನು ಹೈಸ್ಕೂಲಿಗೆ ಹೋಗುವ ಕಾಲದಲ್ಲಿ! ಇನ್ನು ಅಜ್ಜನ ವಯಸ್ಸು. ತೊಂಬತ್ತರ ಮುದುಕ ಸತ್ತರೆ ಯಾರೂ ಅಳುವುದಿಲ್ಲ ಎಂಬುದು ಹುಡುಗನಿಗೆ ಬೇಗ ಹೊಳೆದಿರಬೇಕು. ಭಾಷಣದಿಂದ ಭಾಷಣಕ್ಕೆ ವಯಸ್ಸು ಇಳಿಯುತ್ತ ಹೋಯಿತು: ಎಪ್ಪತ್ತೆಂಟು, ಎಪ್ಪತ್ತು, ಅರವತ್ತೆರಡು. ಇನ್ನೊಂದೆರಡು ವೇದಿಕೆ ಸಿಕ್ಕಿದ್ದರೆ ಅಪ್ಪಯ್ಯ ನನಗಿಂತ ಚಿಕ್ಕವನಾಗುತ್ತಿದ್ದ.

ಒಮ್ಮೆ ತಡೆಯಲಾರದೆ, ನೆಂಟರ ಎದುರಿಗೇ, ‘ಪುಷ್ಯದಲ್ಲಿ ಹೊಳೆ ಎಲ್ಲಿ ಉಕ್ಕತ್ತೋ?’ ಎಂದುಬಿಟ್ಟೆ. ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರೆಲ್ಲ ಸೆರಗಿನ ಮರೆಯಿಂದ ನನ್ನನ್ನು ದುರುಗುಟ್ಟಿ ನೋಡಿದರು. ‘ಮಗು ಅಜ್ಜನ್ನ ನೆನೆಸ್ಕೊಂಡು ಸಂಕಟಪಡ್ತಿದೆ, ನಿಮಗೆ ಹವಾಮಾನದ ಚಿಂತೆ’ ಎಂದಳು ನನ್ನ ಹೆಂಡತಿ.

ಕತೆ ಇದೊಂದೇ ಅಲ್ಲ. ಕೇಳುವವರನ್ನು ನೋಡಿ ಕಾರಣ ಬದಲಾಗುತ್ತಿತ್ತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರಿಗೆ ಗ್ರಾಮೀಣ ಸೇವೆ. ಅಮೆರಿಕದಿಂದ ಬಂದ ಅತ್ತೆಗೆ ಕ್ಯಾನ್ಸರ್ ಸಂಶೋಧನೆ. ತನ್ನ ಗೆಳೆಯನಿಗೆ ಫೋನಿನಲ್ಲಿ ಪಿಸುಗುಟ್ಟಿದ್ದು ಮಾತ್ರ ‘ರೇಡಿಯಾಲಜಿ ಕಣೋ, ರಾತ್ರಿ ಯಾರೂ ಎಬ್ಬಿಸಲ್ಲ’. ಹಳ್ಳಿಯ ಸೇವೆ ಎಂದು ಗಂಟಲುಬ್ಬಿಸಿದ ಹುಡುಗರೇ, ಓದು ಮುಗಿದ ಮೇಲೆ ಒಂದು ವರ್ಷ ಸರ್ಕಾರಿ ಸೇವೆ ಕಡ್ಡಾಯ ಎನ್ನುತ್ತಿದ್ದ ಕರ್ನಾಟಕದ 2012ರ ಕಾಯ್ದೆಯಲ್ಲಿ ತೂತು ಎಲ್ಲಿದೆ ಎಂದು ಹುಡುಕುವುದನ್ನೂ ನಾನು ಕಂಡಿದ್ದೇನೆ. ನನ್ನ ಕೇಳಿದರೆ ವೈದ್ಯರಾಗುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಕಾರಣ ರಾಶಿಯವರದು: 1942ರಲ್ಲಿ ‘ಕೊರವಂಜಿ’ ಶುರುಮಾಡಿ ಕನ್ನಡಿಗರನ್ನು ನಗಿಸಿದ ಡಾ. ಎಂ. ಶಿವರಾಂ ಅವರದು. ಹಾಸ್ಯಪತ್ರಿಕೆ ನಡೆಸಿ ಬದುಕುಳಿಯಬೇಕಾದರೆ ಕೈಯಲ್ಲೊಂದು ವೈದ್ಯಕೀಯ ಡಿಗ್ರಿ ಇರುವುದು ವಾಸಿ. ಇದು ನನ್ನ ಊಹೆ, ಅವರು ಹೇಳಿದ್ದಲ್ಲ.

2024ರ ಜೂನ್ 4ರಂದು ಲೋಕಸಭೆಯ ಫಲಿತಾಂಶವೂ ನೀಟ್ ಫಲಿತಾಂಶವೂ ಒಂದೇ ದಿನ ಬಂದವು. ದೆಹಲಿಯಲ್ಲಿ ಯಾರು ಗೆದ್ದರೆಂದು ನಮ್ಮ ಮನೆಯಲ್ಲಿ ಗೊತ್ತಾದದ್ದು ಮಾರನೇ ದಿನ. ಹಿಂದಿನ ವರ್ಷವಾಗಿದ್ದರೆ ಸೀಟು ಕೊಡಿಸಬಹುದಾಗಿದ್ದ ಅಂಕ ಹುಡುಗನಿಗೆ ಬಂದಿತ್ತು. ಆದರೆ ಆ ಸಲ 67 ಜನಕ್ಕೆ 720ಕ್ಕೆ 720! ಪ್ರಶ್ನೆಪತ್ರಿಕೆ ಸೋರಿಕೆ, ಗ್ರೇಸ್ ಅಂಕ, ಸುಪ್ರೀಂ ಕೋರ್ಟು ಎಂದು ದೇಶವೆಲ್ಲ ಗದ್ದಲ. ಕೌನ್ಸೆಲಿಂಗಿನ ಒಂದೊಂದು ಸುತ್ತು ಮುಗಿದಾಗಲೂ ‘ಸಿಕ್ತಾ?’ ಎಂದು ಫೋನು. ಉತ್ತರಿಸುವ ಕೆಲಸ ನನ್ನದು. ಹುಡುಗ ಸುಮ್ಮನೆ ಹಳೇ ಪುಸ್ತಕಗಳಿಗೆ ಹೊಸ ಬೈಂಡು ಹಾಕಿದ.

ಆ ದಿನಗಳಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಇಬ್ಬರೂ ಜಗುಲಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದೆವು. ನಾನು ಏನೂ ಕೇಳಿರಲಿಲ್ಲ. ಅವನೇ ಶುರುಮಾಡಿದ. ಮೂರನೇ ಕ್ಲಾಸಿನಲ್ಲಿದ್ದಾಗ ಹೊಟ್ಟೆನೋವೆಂದು ಅಪ್ಪ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿದ್ದನಂತೆ. ನನ್ನ ತಮ್ಮನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು: ಅವನು ಬ್ಯಾಂಕ್ ಮ್ಯಾನೇಜರಿಗೆ ಕೂಗುತ್ತಾನೆ, ಪಂಚಾಯ್ತಿ ಅಧ್ಯಕ್ಷರಿಗೆ ಕೂಗುತ್ತಾನೆ, ಅಣ್ಣನೆಂದು ನೋಡದೆ ನನಗೂ ಕೂಗುತ್ತಾನೆ. ಅಲ್ಲಿದ್ದದ್ದು ಒಬ್ಬ ಲೇಡಿ ಡಾಕ್ಟರು. ಬಿಳಿ ಕೋಟಿನ ಜೇಬಿನಲ್ಲಿ ಪೆನ್ನು ಸೋರಿ ನೀಲಿ ಕಲೆಯಾಗಿತ್ತಂತೆ. ತಮ್ಮ ಎಲ್ಲಿ ನೋವು, ಯಾವಾಗಿಂದ, ಏನು ತಿಂದದ್ದು ಎಂದು ಗಟ್ಟಿಯಾಗಿ ಶುರುಮಾಡಿದ. ಆಕೆ, ‘ನೀವು ಸ್ವಲ್ಪ ಹೊರಗೆ ನಿಲ್ಲಿ’ ಎಂದರಂತೆ.

‘ಅಪ್ಪ ಹೊರಗೆ ಹೋಗಿ ನಿಂತ, ದೊಡ್ಡಪ್ಪ! ಒಂದು ಮಾತಾಡದೆ. ಆಮೇಲೆ ಅವರು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು ನನ್ನ ಹೊಟ್ಟೆ ಮುಟ್ಟಿ, ಎಲ್ಲಿ ನೋವು ಅಂತ ನನ್ನೇ ಕೇಳಿದ್ರು. ಅಲ್ಲಿವರೆಗೆ ನನಗೆಲ್ಲಿ ನೋವು ಅಂತ ಅಪ್ಪನೇ ಹೇಳ್ತಿದ್ದ.’

‘ಇದನ್ನೇ ಯಾಕೆ ಹೇಳಲ್ಲ ಎಲ್ಲರ ಹತ್ರ?’

‘ಹೇಳಿದ್ರೆ ಅಪ್ಪ ಫೀಸ್ ಕಟ್ತಾನಾ?’

ಉಳಿದ ಅವಲಕ್ಕಿಯನ್ನು ಅವನ ತಟ್ಟೆಗೇ ಸುರಿದೆ. ಸೇವೆ, ತ್ಯಾಗ, ಸಂಶೋಧನೆ ಎಂದು ಈ ಮಕ್ಕಳ ಬಾಯಲ್ಲಿ ತುರುಕುವವರು ನಾವೇ. ಹದಿನೇಳರ ಹುಡುಗನ ಮುಂದೆ ಕೂತು ಮನೆಯಲ್ಲೊಂದು ಸಾವಾದರೂ ತೋರಿಸು ಎಂದರೆ ಅವನಾದರೂ ಏನು ಮಾಡಬೇಕು? ಅಜ್ಜನನ್ನು ಮತ್ತೆ ಮತ್ತೆ ಹೊಳೆಗೆ ಇಳಿಸಬೇಕು. ಬೆಚ್ಚಗಿನ ಅಂಗೈ ಕಂಡು ಡಾಕ್ಟರಾಗಲು ಹೊರಟೆ ಅಂದರೆ ನಮ್ಮ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

2025ರಲ್ಲಿ ಭೌತಶಾಸ್ತ್ರದ ಪತ್ರಿಕೆ ಎಲ್ಲರ ಬೆವರಿಳಿಸಿತು. ದೇಶಕ್ಕೇ ಮೊದಲು ಬಂದವನ ಅಂಕ 686. ನಮ್ಮವನಿಗೆ ಹಿಂದಿನ ವರ್ಷಕ್ಕಿಂತ ಕಡಿಮೆ ಬಂತು, ಸರ್ಕಾರಿ ಕಾಲೇಜಿನಲ್ಲಿ ಸೀಟೂ ಬಂತು. ಅಳಬೇಕೋ ಪೇಡ ಹಂಚಬೇಕೋ ತಿಳಿಯದೆ ಅವನ ಅಮ್ಮ ಎರಡನ್ನೂ ಮಾಡಿದಳು.

ತಮ್ಮ ಊರಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡ. ಪಂಕ್ತಿಯಲ್ಲಿ ಹೋಳಿಗೆ ಬರುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಕೇಳಿಯೇಬಿಟ್ಟರು: ‘ಅಲ್ಲ ಡಾಕ್ಟ್ರೇ, ನಿಮಗೆ ಈ ಆಸೆ ಹುಟ್ಟಿದ್ದು ಹೇಗೆ?’ ಹುಡುಗ ನನ್ನತ್ತ ಒಮ್ಮೆ ನೋಡಿದ, ಬಾಗಿಲಲ್ಲಿ ನಿಂತು ಬಡಿಸುವವರಿಗೆ ಕೂಗುತ್ತಿದ್ದ ಅಪ್ಪನತ್ತ ಒಮ್ಮೆ ನೋಡಿದ, ಗಂಟಲು ಸರಿಮಾಡಿಕೊಂಡ. ಮಳೆ ಬಂತು. ಹೊಳೆ ಉಕ್ಕಿತು. ಎತ್ತಿನ ಕಾಲು ಮುರಿಯಿತು. ‘ಕೊನೆಗೆ ದಾರಿ ಕಾಣದೆ ನಮ್ಮ ದೊಡ್ಡಪ್ಪನೇ ಅಜ್ಜನ್ನ ಹೆಗಲ ಮೇಲೆ ಹೊತ್ಕೊಂಡು ಹೊಳೆಗಿಳಿದ್ರು.’

ಇದು ಹೊಸದು. ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಎದುರು ಸಾಲಿನ ಹೆಂಗಸರು ಸೆರಗು ಹುಡುಕಿದರು. ಬಡಿಸುವವನು ಕೇಳದೆಯೇ ನನ್ನ ಎಲೆಗೆ ಎರಡು ಹೋಳಿಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಬಿಟ್ಟ.

‘ನೀರು ಎಷ್ಟಿತ್ತು?’ ಎಂದರು ಹಿರಿಯರು, ದನಿ ತಗ್ಗಿಸಿ.

‘ಎದೆಮಟ್ಟ’ ಎಂದೆ.